ಮಾವ ಇಲ್ಲದ ಮೊದಲ ಕ್ರಿಸ್ಮಸ್: ಗೋದಲಿಯ ಪೆಟ್ಟಿಗೆ ಅಟ್ಟದಿಂದ ಇಳಿಸಬೇಕಾ, ಬೇಡ್ವಾ?

ಇಬ್ಬರ ಅಮ್ಮ · ಡಿಸೆಂಬರ್ 4, ರಾತ್ರಿ 11:20

ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ನೆಲ ಎಷ್ಟು ತಣ್ಣಗಿದೆ ಅಂದರೆ ಕಾಲು ಮಡಚಿ ಕುರ್ಚಿ ಮೇಲೇ ಇಟ್ಟುಕೊಂಡಿದ್ದೇನೆ.

ನಮ್ಮ ಮನೆಯಲ್ಲಿ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯನ್ನು ಬೊಂಬೆಗಳಿಟ್ಟು ಕಟ್ಟುವುದು ಮಾವನ ಕೆಲಸ. ಕ್ರಿಸ್ಮಸ್‌ಗೆ ಮುಂಚಿನ ಕೆಲವು ವಾರಗಳ ಆಗಮನ ಕಾಲದ ಮೊದಲ ಭಾನುವಾರ ಬಂತೆಂದರೆ ಬೆಳಿಗ್ಗೆಯೇ ಏಣಿ ಹಾಕಿ ಅಟ್ಟದಿಂದ ಪೆಟ್ಟಿಗೆ ಇಳಿಸುತ್ತಿದ್ದರು. ಬೇರೆ ಯಾರೂ ಮುಟ್ಟುವ ಹಾಗಿರಲಿಲ್ಲ. ಅವರು ಈ ಮಾರ್ಚ್‌ನಲ್ಲಿ ತೀರಿಕೊಂಡರು. ಮೊದಲ ಭಾನುವಾರ ಬಂತು, ಹೋಯಿತು. ಪೆಟ್ಟಿಗೆ ಅಟ್ಟದಲ್ಲೇ ಇದೆ. ಯಾರೂ ಅದರ ಬಗ್ಗೆ ಬಾಯಿ ಬಿಟ್ಟಿಲ್ಲ. ನನ್ನ ಗಂಡ ಎಂದೂ ಇಲ್ಲದವರು ಅವತ್ತು ಆ ಚಳಿಯಲ್ಲಿ ತಣ್ಣೀರಲ್ಲಿ ಬೈಕ್ ತೊಳೆಯುತ್ತಾ ಮಧ್ಯಾಹ್ನದವರೆಗೂ ಹೊರಗೇ ಇದ್ದರು.

ಐದು ವರ್ಷದ ಮಗಳು ಮಾತ್ರ ದಿನಕ್ಕೆ ಇಪ್ಪತ್ತು ಸಲ ಕೇಳುತ್ತಾಳೆ. "ಇನ್ನೆಷ್ಟು ದಿನ? ತಾತನ ಕುರಿ ಯಾವಾಗ ಬರುತ್ತೆ?" ಹತ್ತು ವರ್ಷದ ಮಗ ಅವಳನ್ನು ಸುಮ್ಮನಿರಿಸುತ್ತಾನೆ. ಅವನಿಗೆ ಅರ್ಥ ಆಗುತ್ತೆ, ಅದೇ ನನಗೆ ಜಾಸ್ತಿ ಸಂಕಟ.

ಅತ್ತೆ ಹೋದ ವರ್ಷದವರೆಗೂ ಐದಕ್ಕೇ ಎದ್ದು ಎಲ್ಲರಿಗೂ ಸ್ನಾನಕ್ಕೆ ನೀರು ಕಾಯಿಸುತ್ತಿದ್ದರು. ಈಗ ಒಂಬತ್ತು, ಹತ್ತರವರೆಗೂ ಕಂಬಳಿ ಹೊದ್ದು ಗೋಡೆ ಕಡೆ ತಿರುಗಿ ಮಲಗಿರುತ್ತಾರೆ. ಅರ್ಧ ಊಟ. ಕೇಳಿದರೆ "ನನಗೇನೂ ಬೇಡಮ್ಮ, ನೀವು ಮಕ್ಕಳಿಗೆ ಮಾಡಿ" ಅಷ್ಟೇ.

ಇದರ ಜೊತೆ ದಿನದ ಓಡಾಟ ಹೇಗಿದೆ ಅಂತ ಎಲ್ಲರಿಗೂ ಗೊತ್ತು. ಬೆಳಿಗ್ಗೆ ಮಕ್ಕಳನ್ನು ಹೊದಿಕೆಯಿಂದ ಎಳೆಯಬೇಕು. ಒಗೆದ ಬಟ್ಟೆ ಎರಡು ದಿನವಾದರೂ ಒಣಗಲ್ಲ, ಕಾಲುಚೀಲಕ್ಕೆ ಇಸ್ತ್ರಿ ಪೆಟ್ಟಿಗೆ ಇಟ್ಟು ಒಣಗಿಸುತ್ತಿದ್ದೇನೆ. ಆಫೀಸಿನಲ್ಲಿ ವರ್ಷಾಂತ್ಯದ ಲೆಕ್ಕ. ಸಂಜೆ ಮನೆಗೆ ಬರುವಷ್ಟರಲ್ಲಿ ಕತ್ತಲು.

ನಿಮ್ಮಲ್ಲಿ ಯಾರಾದರೂ ಇಂಥ ಮೊದಲ ಡಿಸೆಂಬರ್ ದಾಟಿದ್ದೀರಾ? ಪೆಟ್ಟಿಗೆ ಇಳಿಸಿದರೆ ಅತ್ತೆಗೆ ನೋವಾಗುತ್ತಾ? ಇಳಿಸದಿದ್ದರೆ ಮಕ್ಕಳಿಗೆ?

ಅಂಚೆಯಣ್ಣ · ಡಿಸೆಂಬರ್ 5, ಬೆಳಿಗ್ಗೆ 6:05

ನಾನು ನಿವೃತ್ತ ಅಂಚೆ ನೌಕರ, ವಯಸ್ಸು 68. ನನ್ನ ಹೆಂಡತಿ ಹೋಗಿ ಏಳು ವರ್ಷ ಆಯಿತು. ಮೊದಲ ಕ್ರಿಸ್ಮಸ್‌ಗೆ ನನ್ನ ಮಕ್ಕಳು ಒಳ್ಳೇ ಮನಸ್ಸಿನಿಂದಲೇ ಒಂದು ಕೆಲಸ ಮಾಡಿದರು. ಅಪ್ಪನಿಗೆ ನೋವಾಗಬಾರದು ಅಂತ ಅವಳು ಪ್ರತಿ ವರ್ಷ ಬಾಗಿಲಿಗೆ ಕಟ್ಟುತ್ತಿದ್ದ ಹಾರ, ಅವಳೇ ಹೊಲಿದ ಮೇಜಿನ ಬಟ್ಟೆ, ಎಲ್ಲ ಕಣ್ಣಿಗೆ ಬೀಳದ ಹಾಗೆ ಎತ್ತಿಟ್ಟರು. ಹೊಸದು ತಂದು ಹಾಕಿದರು. ನಾನು ಏನೂ ಹೇಳಲಿಲ್ಲ. ಆದರೆ ಆ ಬಟ್ಟೆ ಎಲ್ಲಿಟ್ಟಿದ್ದಾರೆ ಅಂತ ರಾತ್ರಿ ಎದ್ದು ಹುಡುಕಿದೆ, ಸಿಕ್ಕಲಿಲ್ಲ. ಅವಳನ್ನು ಎರಡನೇ ಸಲ ಕಳುಹಿಸಿಕೊಟ್ಟ ಹಾಗಾಯಿತು.

ಹಾಗಾಗಿ ನನ್ನ ಮಾತು ಇಷ್ಟೇ. ನೀವು ತೀರ್ಮಾನ ಮಾಡಬೇಡಿ. ಕೇಳಿ. ಆದರೆ ಎಲ್ಲರನ್ನೂ ಎದುರಿಗೆ ಕೂರಿಸಿಕೊಂಡು ಕೇಳಬೇಡಿ. ಹಾಗೆ ಕೇಳಿದರೆ ಯಾವ ಅತ್ತೆಯೂ "ಬೇಡ" ಅಂತಲೇ ಹೇಳುತ್ತಾರೆ. ಅವರ ಕೈಯಲ್ಲಿ ಏನಾದರೂ ಕೆಲಸ ಇರುವಾಗ, ಮುಖ ನೋಡದೆ, ಪಕ್ಕದಲ್ಲಿ ಕೂತು ಕೇಳಿ.

ಬೆಟ್ಟದ ಮನೆ · ಡಿಸೆಂಬರ್ 5, ಬೆಳಿಗ್ಗೆ 9:40

ಅಂಚೆಯಣ್ಣ ಹೇಳಿದ್ದು ಸರಿ. ಆದರೆ ನಮ್ಮ ಮನೆಯಲ್ಲಿ ಉಲ್ಟಾ ಆಯಿತು, ಅದನ್ನೂ ಹೇಳಬೇಕು. ನನ್ನ ತಮ್ಮ ತೀರಿಕೊಂಡ ವರ್ಷ ನಾವು ಏನೂ ಮಾಡಲಿಲ್ಲ. ನಕ್ಷತ್ರ ಇಲ್ಲ, ಮರ ಇಲ್ಲ. ಪ್ರಾರ್ಥನೆಗೆ ಹೋಗಿ ಬಂದು ಬಾಗಿಲು ಹಾಕಿಕೊಂಡೆವು. ಅಕ್ಕಪಕ್ಕದವರು "ಮಕ್ಕಳಿಗೋಸ್ಕರವಾದರೂ ಮಾಡಿ" ಅಂದರು. ಅಮ್ಮನಿಗೆ ಆ ಮಾತೇ ಹೆಚ್ಚು ಚುಚ್ಚಿತು. ಮುಂದಿನ ವರ್ಷ ಅವಳೇ ನಕ್ಷತ್ರ ಕಟ್ಟಿದಳು. ಒಂದು ವರ್ಷ ಸುಮ್ಮನಿದ್ದರೆ ಹಬ್ಬ ಎಲ್ಲಿಗೂ ಓಡಿಹೋಗಲ್ಲ.

ಇಳಿಸಲೇಬೇಕು ಅಂತಿದ್ದರೆ ಪೂರ್ತಿ ಕಟ್ಟಬೇಕು ಅಂತೇನೂ ಇಲ್ಲವಲ್ಲ. ಅರ್ಧ ಕಟ್ಟಿ.

ರಾತ್ರಿಪಾಳಿ ನರ್ಸ್ · ಡಿಸೆಂಬರ್ 5, ಮಧ್ಯಾಹ್ನ 2:15

ಪೆಟ್ಟಿಗೆ ಬಗ್ಗೆ ದೊಡ್ಡವರು ಹೇಳಿದ್ದಾರೆ. ನಾನು ಅತ್ತೆಯ ಬಗ್ಗೆ ಹೇಳುತ್ತೇನೆ. ಹತ್ತರವರೆಗೂ ಮಲಗುವುದು, ಅರ್ಧ ಊಟ, ಇವು ದುಃಖದಿಂದಲೇ ಇರಬಹುದು. ಆದರೆ ದುಃಖ ಅಂತ ಎಲ್ಲವನ್ನೂ ಅದರ ಲೆಕ್ಕಕ್ಕೆ ಹಾಕಿಬಿಡಬೇಡಿ. ಚಳಿಗೆ ರಕ್ತನಾಳ ಬಿಗಿಯುತ್ತೆ, ಬಿಪಿ ಏರುತ್ತೆ. ವಯಸ್ಸಾದವರಿಗೆ ಚಳಿ ಆಗುತ್ತಿರುವುದು ಬೇಗ ಗೊತ್ತೂ ಆಗುವುದಿಲ್ಲ. ಅವರ ಬಿಪಿ ಒಮ್ಮೆ ನೋಡಿಸಿ. ಮಾತ್ರೆ ಇದ್ದರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದಾರಾ ಅಂತ ಎಣಿಸಿ ನೋಡಿ. ಸಾಮಾನ್ಯವಾಗಿ ಮಾತ್ರೆ ನೆನಪಿಸುತ್ತಿದ್ದವರು ಗಂಡನೇ ಆಗಿರುತ್ತಾರೆ.

ಅವರು ಮಲಗುವ ಕೋಣೆ ಎಷ್ಟು ಬೆಚ್ಚಗಿದೆ? ಚಳಿ ದೇಶಗಳ ಮನೆಗಳಿಗೆ ಒಳಗೆ 18 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರ ಮಾರ್ಗಸೂಚಿಯಲ್ಲಿ ಹೇಳಿದೆ. ವಯಸ್ಸಾದವರಿಗೆ, ಚಿಕ್ಕ ಮಕ್ಕಳಿಗೆ ಇನ್ನೂ ಸ್ವಲ್ಪ ಜಾಸ್ತಿಯೇ ಬೇಕಾಗಬಹುದು. ಒಂದೇ ದಪ್ಪ ಸ್ವೆಟರ್‌ಗಿಂತ ಎರಡು ಮೂರು ತೆಳು ಬಟ್ಟೆ ಒಳ್ಳೆಯದು. ನಡುವೆ ನಿಲ್ಲುವ ಗಾಳಿಯೇ ಮೈ ಬೆಚ್ಚಗಿಡುವುದು.

ಇನ್ನೊಂದು ಮಾತು. ದಯವಿಟ್ಟು ಯಾರೂ ಮುಚ್ಚಿದ ಕೋಣೆಯಲ್ಲಿ ಇದ್ದಿಲು ಕೆಂಡ ಇಟ್ಟು ಮಲಗಬೇಡಿ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ನಿದ್ದೆಯಲ್ಲಿದ್ದವರಿಗೆ ಎಚ್ಚರವೇ ಆಗುವುದಿಲ್ಲ. ಹೊಗೆ ಇಲ್ಲ ಅಂದ ಮಾತ್ರಕ್ಕೆ ಅಪಾಯ ಇಲ್ಲ ಅಂತ ಅಲ್ಲ.

ಮೂರು ತಿಂಗಳ ಅಪ್ಪ · ಡಿಸೆಂಬರ್ 5, ರಾತ್ರಿ 10:50

ನಡುವೆ ಬಂದು ಕೇಳುತ್ತಿದ್ದೇನೆ, ಕ್ಷಮಿಸಿ. ನಮ್ಮ ಮಗುವಿಗೆ ಇದು ಮೊದಲ ಕ್ರಿಸ್ಮಸ್, ಮೊದಲ ಚಳಿಗಾಲ. ಕೈ ಕಾಲು ಯಾವಾಗಲೂ ತಣ್ಣಗೇ ಇರುತ್ತೆ. ನಾನು ಟೋಪಿ, ಎರಡು ಕಂಬಳಿ ಹಾಕುತ್ತೇನೆ, ಹೆಂಡತಿ ತೆಗೆಯುತ್ತಾಳೆ. ಯಾರು ಸರಿ? ಬಟ್ಟೆ ಒಣಗಿಸಲು ಹೀಟರ್ ಮುಂದೆ ಹರಡುತ್ತಿದ್ದೇವೆ, ಬೇರೆ ದಾರಿ ಕಾಣುತ್ತಿಲ್ಲ.

ರಾತ್ರಿಪಾಳಿ ನರ್ಸ್ · ಡಿಸೆಂಬರ್ 6, ಬೆಳಿಗ್ಗೆ 8:30

ನಿಮ್ಮ ಹೆಂಡತಿ ಸರಿ. ಮಗುವಿನ ಕೈ ಕಾಲು ತಣ್ಣಗಿರುವುದು ಸಹಜ. ಎದೆ ಅಥವಾ ಕತ್ತಿನ ಹಿಂದೆ ಮುಟ್ಟಿ ನೋಡಿ. ಅಲ್ಲಿ ಬೆಚ್ಚಗಿದ್ದರೆ ಸಾಕು, ಬೆವರಿದ್ದರೆ ಒಂದು ಪದರ ತೆಗೆಯಿರಿ. ಒಂದು ವರ್ಷದೊಳಗಿನ ಮಗು ಮಲಗಿದಾಗ ಟೋಪಿ ಬೇಡ, ಮುಖಕ್ಕೆ ಜಾರುವ ಸಡಿಲ ಕಂಬಳಿ ಬೇಡ.

ಹೀಟರ್ ಮುಂದೆ ಬಟ್ಟೆ ಖಂಡಿತ ಬೇಡ. ಬಟ್ಟೆ, ಪರದೆ, ಹಾಸಿಗೆ ಎಲ್ಲವೂ ಅದರಿಂದ ಕನಿಷ್ಠ ಒಂದು ಮೀಟರ್ ದೂರ ಇರಲಿ. ಒದ್ದೆ ಬಟ್ಟೆಯನ್ನು ಒಣ ಟವೆಲ್ ಮೇಲೆ ಹರಡಿ, ಚಾಪೆ ಸುತ್ತುವ ಹಾಗೆ ಸುತ್ತಿ, ಮೇಲೆ ಮಂಡಿ ಊರಿ ಒತ್ತಿ. ಟವೆಲ್ ಅರ್ಧ ನೀರು ಕುಡಿಯುತ್ತೆ. ಆಮೇಲೆ ಫ್ಯಾನ್ ಕೆಳಗೆ ಹಾಕಿ, ಕಿಟಕಿ ಸ್ವಲ್ಪ ಹೊತ್ತು ತೆರೆದಿಡಿ. ಇಲ್ಲದಿದ್ದರೆ ಆ ತೇವ ಗೋಡೆಗೆ ಹತ್ತಿ ಬೂಷ್ಟು ಬರುತ್ತೆ.

ಇಬ್ಬರ ಅಮ್ಮ · ಡಿಸೆಂಬರ್ 9, ರಾತ್ರಿ 10:35

ಪೆಟ್ಟಿಗೆ ಇಳಿಯಿತು.

ಮೊದಲು ನರ್ಸ್ ಅವರಿಗೆ. ನೀವು ಹೇಳಿದ ಹಾಗೇ ಇತ್ತು. ಅತ್ತೆಯ ಬಿಪಿ ಮಾತ್ರೆ ಹಾಳೆಯಲ್ಲಿ ಹನ್ನೊಂದು ಜಾಸ್ತಿ ಉಳಿದಿದ್ದವು. ಮಾವ ರಾತ್ರಿ ಊಟ ಆದ ಕೂಡಲೇ ನೀರಿನ ಲೋಟದ ಜೊತೆ ತಂದು ಕೊಡುತ್ತಿದ್ದರು. ಈಗ ಆ ಕೆಲಸ ನನ್ನ ಮಗ ವಹಿಸಿಕೊಂಡಿದ್ದಾನೆ. ಡಾಕ್ಟರಿಗೂ ತೋರಿಸಿದೆವು.

ನಿನ್ನೆ ಸಂಜೆ ಅತ್ತೆ ಮಗನ ಹಳೇ ಸ್ವೆಟರ್ ಬಿಚ್ಚಿ ಉಣ್ಣೆ ಉಂಡೆ ಸುತ್ತುತ್ತಿದ್ದರು. ನಾನು ಎಳೆ ಹಿಡಿದು ಪಕ್ಕದಲ್ಲಿ ಕೂತೆ. ಅಂಚೆಯಣ್ಣ ಹೇಳಿದ ಹಾಗೆ ಮುಖ ನೋಡದೆ ಕೇಳಿದೆ. "ಅತ್ತೆ, ಪೆಟ್ಟಿಗೆ ಇಳಿಸೋದಾ?" ಅವರು ಸುತ್ತುವುದನ್ನು ನಿಲ್ಲಿಸಲಿಲ್ಲ. ಬಹಳ ಹೊತ್ತಾದ ಮೇಲೆ, "ಹೋದ ವರ್ಷ ಕುರಿ ಕಾಲು ಮುರಿದಿತ್ತಲ್ಲ. ಅಂಟಿಸ್ತೀನಿ ಅಂದಿದ್ರು" ಅಂದರು.

ಅಷ್ಟೇ. ಅದನ್ನೇ ಹೂಂ ಅಂತ ತಿಳಿದುಕೊಂಡೆ.

ನನ್ನ ಗಂಡ ಏಣಿ ಹತ್ತಿದರು. ಪೆಟ್ಟಿಗೆ ಮುಚ್ಚಳದ ಒಳಗಡೆ ಮಾವ ಪೆನ್ಸಿಲ್‌ನಲ್ಲಿ ಪಟ್ಟಿ ಬರೆದಿದ್ದಾರೆ, ನಾನು ಇಷ್ಟು ವರ್ಷದಲ್ಲಿ ನೋಡೇ ಇರಲಿಲ್ಲ. "ಕುರಿ 6. ಎತ್ತು 1. ಕತ್ತೆ 1. ಕುರುಬರು 2. ನೀಲಿ ಬಲ್ಬು ಹೋಗಿದೆ, ತರಬೇಕು." ಇವರು ಅದನ್ನು ಓದಿ ಎದ್ದು ಬಚ್ಚಲಿಗೆ ಹೋದರು. ಬರುವಾಗ ಮುಖ ತೊಳೆದುಕೊಂಡು ಬಂದರು.

ಒಂದೊಂದು ಬೊಂಬೆಯನ್ನೂ ಹಳೇ ಪತ್ರಿಕೆಯಲ್ಲಿ ಸುತ್ತಿದ್ದರು. ಕಾಲು ಮುರಿದ ಕುರಿ ಮಾತ್ರ ಬೆಂಕಿಪೊಟ್ಟಣದಲ್ಲಿತ್ತು, ಕೆಳಗೆ ಹತ್ತಿ. ಮುರಿದ ಕಾಲು ಕಳೆಯದ ಹಾಗೆ ಬೇರೆ ಕಾಗದದಲ್ಲಿ ಸುತ್ತಿ ಪಕ್ಕದಲ್ಲೇ ಇಟ್ಟಿದ್ದರು. ಆ ಕಾಲು ಒಂದು ಅಕ್ಕಿಕಾಳಿಗಿಂತ ಸ್ವಲ್ಪ ಉದ್ದ ಇದೆ ಅಷ್ಟೇ. ಮಗ ಬೆಂಕಿಕಡ್ಡಿ ಸೀಳಿ ಆಧಾರ ಕೊಟ್ಟು ಅಂಟಿಸಿದ. ಮಗಳು ಅತ್ತೆಯ ಉಂಡೆಯಿಂದ ಕೆಂಪು ಉಣ್ಣೆ ತಂದು ಕಾಲಿಗೆ ಸುತ್ತಿದಳು.

ಕೊಟ್ಟಿಗೆ, ಹುಲ್ಲು, ಪ್ರಾಣಿಗಳು ಇಷ್ಟನ್ನೇ ಇಟ್ಟಿದ್ದೇವೆ. "ಉಳಿದದ್ದು ಆಮೇಲೆ ನೋಡೋಣ" ಅಂದರು ಅತ್ತೆ. ಜೋಸೆಫರು, ಮರಿಯಮ್ಮ, ಬಾಲಯೇಸುವನ್ನು ನೋಡಲು ದೂರದಿಂದ ಬಂದ ಮೂವರು ಜ್ಞಾನಿಗಳು ಇನ್ನೂ ಕಾಗದದಲ್ಲೇ ಇದ್ದಾರೆ. ಬೆಟ್ಟದ ಮನೆಯವರು ಹೇಳಿದ ಅರ್ಧ ಗೋದಲಿ.

ನಾಲ್ಕನೇ ತರಗತಿ ಟೀಚರ್ · ಡಿಸೆಂಬರ್ 10, ಸಂಜೆ 5:10

ಅರ್ಧ ಗೋದಲಿ ಅಂತ ಬೇಜಾರು ಬೇಡ. ಅಸ್ಸಿಸಿಯ ಸಂತ ಫ್ರಾನ್ಸಿಸರು 1223ರ ಕ್ರಿಸ್ಮಸ್ ರಾತ್ರಿ ಇಟಲಿಯ ಗ್ರೆಚ್ಚೊದಲ್ಲಿ ಸಿದ್ಧ ಮಾಡಿಸಿದ್ದರಲ್ಲಿ ಬೊಂಬೆಗಳೇ ಇರಲಿಲ್ಲ. ಒಂದು ಮೇವಿನ ತೊಟ್ಟಿ, ಹುಲ್ಲು, ಜೀವಂತ ಎತ್ತು, ಜೀವಂತ ಕತ್ತೆ. ನಿಮ್ಮ ಮನೆಯಲ್ಲಿ ಈಗ ಇರುವುದು ಹೆಚ್ಚುಕಡಿಮೆ ಅದೇ.

ಮಗಳ "ಇನ್ನೆಷ್ಟು ದಿನ" ಪ್ರಶ್ನೆಗೆ ಒಂದು ಕಥೆ ಇದೆ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಬಡಮಕ್ಕಳ ಆಶ್ರಮ ನಡೆಸುತ್ತಿದ್ದ ಯೋಹಾನ್ ಹಿನ್‌ರಿಷ್ ವಿಖೆರ್ನ್ ಅನ್ನುವ ಪಾದ್ರಿಯನ್ನು ಮಕ್ಕಳು ದಿನಾ ಇದೇ ಪ್ರಶ್ನೆ ಕೇಳುತ್ತಿದ್ದರಂತೆ. ಅವರು 1839ರಲ್ಲಿ ಒಂದು ಗಾಡಿಚಕ್ರದ ಮೇಲೆ ಮೋಂಬತ್ತಿ ಜೋಡಿಸಿದರು. ದಿನಕ್ಕೊಂದು ಚಿಕ್ಕ ಕೆಂಪು ಬತ್ತಿ, ಭಾನುವಾರಕ್ಕೆ ದೊಡ್ಡ ಬಿಳಿ ಬತ್ತಿ. ಈಗ ನಾಲ್ಕು ಬತ್ತಿ ಹಚ್ಚುವ ಆಗಮನ ಕಾಲದ ಹಾರ ಬಂದಿದ್ದು ಅಲ್ಲಿಂದ.

ಐದು ವರ್ಷದ ಮಗುವಿಗೆ "ಹದಿನೈದು ದಿನ" ಅಂದರೆ ಅದೊಂದು ಬರೀ ಸದ್ದು. ಕಣ್ಣಿಗೆ ಕಾಣಬೇಕು, ಕೈಗೆ ಸಿಗಬೇಕು. ಕಾಗದದ ಪಟ್ಟಿಗಳ ಸರಪಳಿ ಮಾಡಿ, ರಾತ್ರಿ ಮಲಗುವ ಮುಂಚೆ ಅವಳೇ ಒಂದು ಕೊಂಡಿ ಹರಿಯಲಿ. ನನ್ನ ತರಗತಿಯಲ್ಲಿ ಇದನ್ನು ಮಾಡುತ್ತೇನೆ. ಕೇಳುವುದು ನಿಲ್ಲಲ್ಲ, ಆದರೆ ಕೇಳಿದ ಕೂಡಲೇ ಓಡಿಹೋಗಿ ತಾವೇ ಎಣಿಸಿಕೊಳ್ಳುತ್ತಾರೆ.

ಇಬ್ಬರ ಅಮ್ಮ · ಡಿಸೆಂಬರ್ 14, ಬೆಳಗಿನ ಜಾವ 3:40

ಇಬ್ಬರಿಗೂ ಕೆಮ್ಮು. ಚಿಕ್ಕವಳಿಗೆ ಜ್ವರ. ಮನೆ ಶುಚಿ ಮಾಡುವುದು, ಉಡುಗೊರೆ ಸುತ್ತುವುದು, ಶಾಲೆಯ ಹಾಡಿನ ಕಾರ್ಯಕ್ರಮ, ಎಲ್ಲ ನಿಂತಿದೆ. ಅವಳು ಇಲ್ಲಿ ನನ್ನ ತೊಡೆ ಮೇಲೆ ಮಲಗಿದ್ದಾಳೆ, ಕೈಯಲ್ಲಿ ಇವತ್ತು ಹರಿದ ಕಾಗದದ ಕೊಂಡಿ ಇನ್ನೂ ಹಾಗೇ ಇದೆ. ಕೆಮ್ಮಿಗೆ ಮನೆಯಲ್ಲಿರುವ ಸಿರಪ್ ಹಾಕಬಹುದಾ?

ರಾತ್ರಿಪಾಳಿ ನರ್ಸ್ · ಡಿಸೆಂಬರ್ 14, ಬೆಳಗಿನ ಜಾವ 4:05

ಪಾಳಿಯಲ್ಲೇ ಇದ್ದೇನೆ. ಹಳೇ ಸಿರಪ್ ಬೇಡ, ಡಾಕ್ಟರನ್ನು ಕೇಳದೆ ಯಾವುದೂ ಬೇಡ. ಅವಳಿಗೆ ಐದು ವರ್ಷ, ಹಾಗಾಗಿ ಒಂದು ಚಮಚ ಜೇನು ಕೊಡಬಹುದು, ರಾತ್ರಿ ಕೆಮ್ಮಿಗೆ ಆರಾಮ ಸಿಗುತ್ತೆ. (ಮೂರು ತಿಂಗಳ ಅಪ್ಪ, ನೀವು ಕೊಡಬೇಡಿ. ಒಂದು ವರ್ಷದೊಳಗೆ ಜೇನು ಅಪಾಯ.) ಬಿಸಿನೀರಿನ ಪಾತ್ರೆ ಮೇಲೆ ಮಗುವನ್ನು ಬಗ್ಗಿಸಿ ಹಬೆ ಕೊಡಲು ಹೋಗಬೇಡಿ, ಅದರಿಂದ ಸುಟ್ಟುಕೊಂಡ ಮಕ್ಕಳನ್ನು ಪ್ರತಿ ಚಳಿಗಾಲ ನೋಡುತ್ತೇನೆ. ಆಗಾಗ ನೀರು ಕುಡಿಸಿ. ಉಸಿರಾಡುವಾಗ ಪಕ್ಕೆಲುಬಿನ ನಡುವೆ ಚರ್ಮ ಒಳಕ್ಕೆ ಎಳೆದರೆ, ಏನೂ ಕುಡಿಯದೆ ಮಂಕಾದರೆ ಬೆಳಗಾಗಲಿ ಅಂತ ಕಾಯಬೇಡಿ.

ಹಾಗೇ ಒಂದು ಮಾತು, ಈ ತಿಂಗಳು ಮಾತ್ರ ಮನೆಗೆ ಬರುವ ಸಾಮಾನುಗಳ ಬಗ್ಗೆ. ಮಿನುಗುವ ನಕ್ಷತ್ರ, ಹಾಡುವ ಕಾರ್ಡ್, ಬೆಳಕಿನ ಆಟಿಕೆ, ಇವುಗಳಲ್ಲಿ ಗುಂಡಿಯಂಥ ಚಪ್ಪಟೆ ಸೆಲ್ ಇರುತ್ತೆ. ಮಗು ಅದನ್ನು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು. ಮುಚ್ಚಳಕ್ಕೆ ಸ್ಕ್ರೂ ಇದೆಯಾ ನೋಡಿ. ನುಂಗಿರಬಹುದು ಅನ್ನುವ ಅನುಮಾನ ಬಂದರೂ ಸಾಕು, ನೇರ ಆಸ್ಪತ್ರೆಗೆ ಹೊರಡಿ.

ಮೂರು ತಿಂಗಳ ಅಪ್ಪ · ಡಿಸೆಂಬರ್ 14, ಬೆಳಿಗ್ಗೆ 7:20

ಈಗಷ್ಟೇ ತೊಟ್ಟಿಲ ಮೇಲೆ ಕಟ್ಟಿದ್ದ ನಕ್ಷತ್ರ ಬಿಚ್ಚಿ ನೋಡಿದೆ. ಮುಚ್ಚಳ ಉಗುರಿಗೇ ಬಂತು. ತೆಗೆದುಬಿಟ್ಟೆ. ನಿಮಗೆ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗುತ್ತಿಲ್ಲ.

ಇಬ್ಬರ ಅಮ್ಮ · ಡಿಸೆಂಬರ್ 19, ರಾತ್ರಿ 9:50

ಜ್ವರ ಇಳಿದಿದೆ, ಕೆಮ್ಮು ಸ್ವಲ್ಪ ಇದೆ. ಒಂದು ವಿಷಯ ಹೇಳಲೇಬೇಕು.

ನಮ್ಮ ಮನೆಯಲ್ಲಿ ಮೂವರು ಜ್ಞಾನಿಗಳು ಒಂದೇ ಸಲ ಗೋದಲಿಗೆ ಬರುವುದಿಲ್ಲ. ಮನೆಯ ಆ ತುದಿಯ ಕಿಟಕಿ ಹತ್ತಿರ ಹೊರಟು, ದಿನಕ್ಕೊಂದು ಗೇಣು ಸರಿಯುತ್ತಾ, ಜನವರಿ 6ಕ್ಕೆ ಕೊಟ್ಟಿಗೆ ಮುಟ್ಟುತ್ತಾರೆ. ರಾತ್ರಿ ಒಂದು ಕಡೆ ಇದ್ದವರು ಬೆಳಿಗ್ಗೆ ಇನ್ನೊಂದು ಕಡೆ. ಮಕ್ಕಳು ಎದ್ದ ಕೂಡಲೇ ಅವರನ್ನು ಹುಡುಕಿಕೊಂಡು ಓಡುತ್ತಿದ್ದರು. ಮಾವ ಸರಿಸುತ್ತಾರೆ ಅಂತ ಎಲ್ಲರೂ ಅಂದುಕೊಂಡಿದ್ದೆವು, ಕೇಳಿದರೆ ಅವರು ಮೀಸೆಯಲ್ಲೇ ನಗುತ್ತಿದ್ದರು.

ಈ ಸಲ ಜ್ಞಾನಿಗಳನ್ನು ಕಾಗದದಿಂದ ಬಿಚ್ಚಿಯೇ ಇರಲಿಲ್ಲ. 17ರ ಬೆಳಿಗ್ಗೆ ನೋಡಿದರೆ ಮೂವರೂ ಕಿಟಕಿಯ ಅಂಚಿನಲ್ಲಿ ನಿಂತಿದ್ದರು. ಹಿಂದೆ ಗಾಜಿಗೆ ಮಂಜು ಕಟ್ಟಿತ್ತು. ಮಗಳು "ತಾತ ಬಂದಿದ್ರಾ?" ಅಂದಳು. ಇವರು ನನ್ನ ಮುಖ ನೋಡಿದರು, ನಾನು ಇವರ ಮುಖ ನೋಡಿದೆ. ಇಬ್ಬರೂ ಮುಟ್ಟಿರಲಿಲ್ಲ.

ನಿನ್ನೆ ಐದು ಗಂಟೆಗೆ ಮಗಳಿಗೆ ನೀರು ತರಲು ಎದ್ದೆ. ಅತ್ತೆ ಶಾಲು ಹೊದ್ದು ಕತ್ತಲಲ್ಲಿ ನಿಂತಿದ್ದರು, ಕೈಯಲ್ಲಿ ಒಂಟೆ. ನನ್ನನ್ನು ನೋಡಿ ಸ್ವಲ್ಪವೂ ಗಾಬರಿಯಾಗಲಿಲ್ಲ. "ಇಷ್ಟು ವರ್ಷ ಸರಿಸ್ತಿದ್ದದ್ದು ನಾನೇ ಕಣಮ್ಮ. ನೀರು ಕಾಯೋಕಿಟ್ಟು ಬಂದು ಒಂದು ಗೇಣು ಮುಂದಿಡ್ತಿದ್ದೆ. ಮಕ್ಕಳು ತಾತ ಅಂದ್ರು. ಅವರೂ ಇಲ್ಲ ಅನ್ನಲಿಲ್ಲ, ನಾನೂ ಇಲ್ಲ ಅನ್ನಲಿಲ್ಲ" ಅಂದರು.

ಆಮೇಲೆ ಒಂಟೆಯನ್ನು ಶೂ ಗೂಡಿನ ಮೇಲಿಟ್ಟು, ನೀರು ಕಾದಿದೆಯಾ ಅಂತ ನೋಡಲು ಹೋದರು. ಒಂಬತ್ತು ತಿಂಗಳಾದ ಮೇಲೆ ಮೊದಲ ಸಲ ನನಗಿಂತ ಮುಂಚೆ ಎದ್ದು ನೀರಿಗಿಟ್ಟಿದ್ದರು.

ಮಕ್ಕಳಿಗೆ ಹೇಳಬೇಕಾ ಅಂತ ನಿಮ್ಮನ್ನೆಲ್ಲ ಕೇಳೋಣ ಅಂದುಕೊಂಡಿದ್ದೆ. ಆದರೆ ಅದು ಅವರ ಗುಟ್ಟು, ಹೇಳುವುದಿದ್ದರೆ ಅವರೇ ಹೇಳಲಿ.

ಅಂಚೆಯಣ್ಣ · ಡಿಸೆಂಬರ್ 20, ಬೆಳಿಗ್ಗೆ 5:55

ಓದಿದೆ. ಎರಡು ಸಲ ಓದಿದೆ. ನನ್ನ ದೊಡ್ಡ ಮಗಳಿಗೆ ಫೋನ್ ಮಾಡಿ ಆ ಮೇಜಿನ ಬಟ್ಟೆ ಎಲ್ಲಿದೆ ಅಂತ ಏಳು ವರ್ಷದ ನಂತರ ಕೇಳಿದೆ. ಅವಳ ಬೀರುವಿನಲ್ಲೇ ಇದೆಯಂತೆ. 24ಕ್ಕೆ ಬರುವಾಗ ತರುತ್ತಾಳೆ.

ಬೆಟ್ಟದ ಮನೆ · ಡಿಸೆಂಬರ್ 21, ಸಂಜೆ 6:30

ಇವತ್ತೋ ನಾಳೆಯೋ ವರ್ಷದ ಅತಿ ಚಿಕ್ಕ ಹಗಲು. ಬೆಳಿಗ್ಗೆ ಕತ್ತಲಲ್ಲಿ ಏಳುವುದು ಇನ್ನೂ ಸ್ವಲ್ಪ ದಿನ ಇದ್ದೇ ಇರುತ್ತೆ. ಆದರೆ ಗಮನಿಸಿ, ಸಂಜೆಯ ಬೆಳಕು ಆಗಲೇ ಕೆಲವು ನಿಮಿಷ ಮುಂದಕ್ಕೆ ಹೋಗಿದೆ. ಸೂರ್ಯ ಅತಿ ಬೇಗ ಮುಳುಗುವ ದಿನ ಇದಕ್ಕಿಂತ ಮುಂಚೆಯೇ ಬಂದು ಹೋಗಿರುತ್ತೆ. ನಮ್ಮ ಅಮ್ಮ ಈಗ ಹೊರಗೆ ನಿಂತು ನಕ್ಷತ್ರದ ದಾರ ಬಿಗಿಯುತ್ತಿದ್ದಾಳೆ. ನಿಮ್ಮ ಅತ್ತೆಯ ಕಥೆ ಅವಳಿಗೆ ಓದಿ ಹೇಳಿದೆ.

ಇಬ್ಬರ ಅಮ್ಮ · ಡಿಸೆಂಬರ್ 23, ರಾತ್ರಿ 11:05

ಮನೆ ಪೂರ್ತಿ ಶುಚಿಯಾಗಿಲ್ಲ. ಪರದೆ ಒಗೆದಿಲ್ಲ, ಒಗೆದರೂ ಒಣಗುವುದಿಲ್ಲ ಅಂತ ಬಿಟ್ಟೆ. ಮಗಳ ಸರಪಳಿಯಲ್ಲಿ ಎರಡೇ ಕೊಂಡಿ ಉಳಿದಿವೆ. ನೀಲಿ ಬಲ್ಬು ಇವರು ತಂದು ಹಾಕಿದರು, ಮುಚ್ಚಳದ ಪಟ್ಟಿಯಲ್ಲಿ ಆ ಸಾಲಿನ ಮುಂದೆ ಮಗ ಪೆನ್ಸಿಲ್‌ನಲ್ಲಿ "ತಂದಾಯಿತು" ಅಂತ ಬರೆದ.

ಇವತ್ತು ಮಧ್ಯಾಹ್ನ ಅತ್ತೆ ಮರಿಯಮ್ಮನನ್ನೂ ಜೋಸೆಫರನ್ನೂ ಬಿಚ್ಚಿ ಒರೆಸಿ ಇಟ್ಟರು. ಬಾಲಯೇಸು ಅವರ ದಿಂಬಿನ ಪಕ್ಕದ ಡಬ್ಬಿಯಲ್ಲಿದೆ, ನಾಳೆ ರಾತ್ರಿ ಮಗಳ ಕೈಯಲ್ಲಿ ಇಡಿಸುತ್ತಾರಂತೆ. ಜ್ಞಾನಿಗಳು ಶೂ ಗೂಡು ದಾಟಿ ಟಿವಿ ಪಕ್ಕಕ್ಕೆ ಬಂದಿದ್ದಾರೆ. ಇವತ್ತು ಬೆಳಿಗ್ಗೆ ನನಗೆ ಐದಕ್ಕೆ ಎಚ್ಚರವಾಯಿತು. ಹಾಲ್‌ನಲ್ಲಿ ಎರಡು ದನಿ ಕೇಳಿಸಿತು, ಒಂದು ಅತ್ತೆಯದು, ಇನ್ನೊಂದು ಮಗನದು. "ಇನ್ನೂ ಸ್ವಲ್ಪ ಮುಂದಿಡೋದಾ ಅಜ್ಜಿ?" "ಬೇಡ, ಒಂದೇ ಗೇಣು."

ನಾನು ಕಂಬಳಿ ಎಳೆದುಕೊಂಡು ಮಲಗಿಯೇ ಇದ್ದೆ.